ಹಾಪೂಸ್ ಪೆಟ್ಟಿಗೆಯ ಯಂತ್ರರಾಜ

ಹೆಂಡತಿ ಇದ್ದಕ್ಕಿದ್ದಂತೆ ಬೈಯುವುದನ್ನು ನಿಲ್ಲಿಸಿದರೆ ಗಂಡನಾದವನು ಖುಷಿಪಡಬಾರದು, ಗಾಬರಿಯಾಗಬೇಕು. ಮುಂಬಯಿಯ ಸಯನ್ನಿನ ಗುರುಪಾದನಿಗೆ ಈ ತಿಳುವಳಿಕೆ ಇರಲಿಲ್ಲ.

ವಿಲೆ ಪಾರ್ಲೆಯ ಆಫೀಸಿನಲ್ಲಿ ಪಕ್ಕದ ಮೇಜಿನ ಧನರಾಜ್ ಹುರಿದುಂಬಿಸಿದ್ದೇ ತಡ, ಮಳೆ ಹಿಡಿಯುವ ಹೊತ್ತಿಗೆ ಗುರುಪಾದ ಮನೆಯಲ್ಲೇ ಕ್ರಿಪ್ಟೋ ಮೈನಿಂಗ್ ಕಂಪ್ಯೂಟರ್ ಕಟ್ಟಿಬಿಟ್ಟ. ಕುರ್ಲಾದ ಗುಜರಿಯಿಂದ ತಂದ ಹಳೆಯ ಗ್ರಾಫಿಕ್ಸ್ ಕಾರ್ಡುಗಳು. ಕ್ಯಾಬಿನೆಟ್ ಬದಲು ಹಾಪೂಸ್ ಮಾವಿನ ಕಟ್ಟಿಗೆ ಪೆಟ್ಟಿಗೆ. ಯಂತ್ರ ಹಗಲಿರುಳು ಲೆಕ್ಕ ಬಿಡಿಸಿದರೆ ಕೂಲಿಯಾಗಿ ಕಾಯಿನ್ ಎಂಬ ಡಿಜಿಟಲ್ ದುಡ್ಡು ಬೀಳಬೇಕು. ಯಂತ್ರರಾಜ ಗುಂಯ್‌ಗುಟ್ಟಿದ, ಒಳಕೋಣೆ ಬಾಣಂತಿ ಕೋಣೆಯಂತೆ ಕಾಯಿತು. ತಾಯಿ ಸೋಮವ್ವ ಶಾಪ ಹಾಕುತ್ತ ಮಂಚವನ್ನು ಹೊರಗಿನ ಗ್ಯಾಲರಿಗೆ ಸಾಗಿಸಿದಳು.

"ಕಂಪ್ಯೂಟರ್ ತಂದೀರೋ, ಒಲಿ ತಂದೀರೋ?" ಎಂದಳು ಹೆಂಡತಿ ಶಿವಕುಮಾರಿ. "ನಾಗರಪಂಚಮಿ ತನಕಾ ನೋಡ್ತೀನಿ. ಕಾಯಿನ್ ಬರಲಿಲ್ಲಂದ್ರ ಅದರ ಮ್ಯಾಲಿನ ಹಕ್ಕು ನಂದು. ನಾ ಹೇಳಿದಂಗ ಕೇಳಬೇಕು."

"ಆಗ್ಲಿ," ಎಂದ ಗುರುಪಾದ. ಅಂದಿನಿಂದ ಅವನ ಮಾನವೆಲ್ಲ ಆ ಪೆಟ್ಟಿಗೆಯಲ್ಲಿತ್ತು.

ಕೆಲವು ದಿನ ಬೈಗುಳ ನಡೆಯಿತು. ಆಮೇಲೆ ಥಟ್ಟನೆ ನಿಂತೇಹೋಯಿತು. ಶಿವಕುಮಾರಿ ಚಹಾ ಕೊಡುವಾಗ ನಗತೊಡಗಿದಳು. ಅವ್ವ ಮಂಚ ಸಮೇತ ಒಳಗೆ ಮರಳಿದಳು. ಕೊನೆಗೂ ಇವರಿಗೆ ಹೊಸ ಯುಗ ಅರ್ಥವಾಯಿತು ಎಂದು ಅವನು ಬೀಗಿದ. (ಕಾಯಿನ್ ಲೆಕ್ಕ ತೋರಿಸುವ ಮೊಬೈಲ್ ಆ್ಯಪಿನಲ್ಲಿ ಮಾತ್ರ ಒಂದು ಸೊನ್ನೆ, ಒಂದು ಚುಕ್ಕಿ, ಅದರ ಹಿಂದೆ ಸೊನ್ನೆಗಳ ಮೆರವಣಿಗೆ. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ.)

ಪಂಚಮಿಯ ಹಿಂದಿನ ದಿನ ರೈಲು ಹಳಿಯ ಮೇಲೆ ನೀರು ಬರುತ್ತದೆಂದು ಆಫೀಸು ಬೇಗ ಬಿಟ್ಟಿತು. ಮಧ್ಯಾಹ್ನವೇ ಮನೆ ಸೇರಿದವನಿಗೆ ಬಾಗಿಲಲ್ಲಿ ಬಿಲ್ಡಿಂಗಿನ ಹೆಂಗಸರ ಚಪ್ಪಲಿಗಳೆಲ್ಲ ಕಂಡವು. ಒಳಗೆ ಕಾಲಿಟ್ಟ. ಗೋಡೆಯಿಂದ ಗೋಡೆಗೆ ಕೋಲು, ಕೋಲಿನ ತುಂಬ ಶಾವಿಗೆ. ಯಂತ್ರರಾಜನ ಸುತ್ತ ಜರಡಿ, ಜರಡಿಯಲ್ಲಿ ಸಂಡಿಗೆ, ನೆಲದ ಮೇಲೆ ಹಪ್ಪಳ. ಅವ್ವ ಮೊಣಕಾಲನ್ನು ಯಂತ್ರದ ಫ್ಯಾನಿನ ಬಿಸಿಗಾಳಿಗೆ ಒಡ್ಡಿ ಕೂತಿದ್ದಳು.

"ಭಾವೂಜಿ, ಜರಾ ಸಂಭಾಳ್ಕೆ, ಪಾಪಡ್ ತುಳೀತೀರಿ," ಎಂದರು ಮೇಲಿನ ಮನೆಯ ರುಕ್ಮಿಣಿಬಾಯಿ.

"ಶಿವಕುಮಾರಿ, ಇದು ಹಿಟ್ಟು ಬಿದ್ದರ ಕೆಡೂ ಮೆಷಿನ್," ಎಂದ ಗುರುಪಾದ.

"ಬ್ಯಾಸಿಗ್ಯಾಗ ಮದವಿ ಅಂತ ಊರಿಗೆ ಹೋಗಿ ಶಾವಿಗಿ ಮಾಡೂದ ತಪ್ಪಿತ್ತು. ಈ ಮಳ್ಯಾಗ ಬಿಸಲು ಎಲ್ಲಿಂದ ತರೂಣ್ರಿ? ಚಿಂತಿ ಬ್ಯಾಡ, ಕರೆಂಟ್ ಬಿಲ್ಲು ಎಲ್ಲಾರೂ ಹಂಚಿಕೊಂಡೇವಿ."

"ಅವ್ವಾ, ನೀನರ ಹೇಳಬಾರದಿತ್ತಾ?"

"ನನ್ನ ಮೊಣಕಾಲ ನೋವು ಹೋಗೈತಪ್ಪಾ. ಬಾಗಲಾ ಹಾಕು, ಥಂಡಿ ಗಾಳಿ ಬರತೈತಿ."

ಮರುದಿನ ಗುರುಪಾದ ಮೊಬೈಲಿನ ಸೊನ್ನೆಗಳನ್ನು ಹೆಂಡತಿಯ ಮುಂದೆ ಹಿಡಿದ. "ನಾ ಸೋತೆ. ಇದನ್ನ ಗುಜರಿಗೆ ಹಾಕಿ ಬರ್ತೀನಿ."

"ಯಾರನ್ ಕೇಳಿ?" ಶಿವಕುಮಾರಿ ಪೆಟ್ಟಿಗೆಗೆ ಅಡ್ಡ ನಿಂತಳು. "ಇನ್ ಅದು ನಂದು. ಕಾಯಿನ್ ಬರಲಿ ಬಿಡಲಿ, ಬಿಸಿ ಇರಬೇಕು. ನಿಮ್ಮ ಹಾಸಿಗಿ ಗ್ಯಾಲರಿಗೆ ಹಾಕೇನಿ, ಇಲ್ಲಿ ಇನ್ನೊಂದ್ ಕೋಲು ಕಟ್ಟಬೇಕು."

ಮರುವಾರ ಆಫೀಸಿನಲ್ಲಿದ್ದಾಗ ಹೆಂಡತಿಯ ಫೋನು ಬಂತು. "ರೀ, ಮೆಷಿನ್ ನಿಂತೈತಿ. ಅಲ್ಲಿಂದನ ಚಾಲೂ ಮಾಡ್ರಿ, ರುಕ್ಮಿಣಿಬಾಯಿ ಹಪ್ಪಳ ಇನ್ನೂ ಹಸೇವ ಅದಾವ."

ಗುರುಪಾದ ಮೇಜಿನ ಕೆಳಗೆ ಮೊಬೈಲು ಹಿಡಿದು ಗುಂಡಿ ಒತ್ತಿದ. ಧನರಾಜ್ ಆಸೆಯಿಂದ ಬಗ್ಗಿ ನೋಡಿದ.

"ಕಾಯಿನ್ ಬಂದ್ವೇನೋ?"

"ಒಣಗಾಕತ್ತಾವು," ಎಂದ ಗುರುಪಾದ.