ಸಪ್ಪಳ ನಿಂತ ಕಾರು

ಸದ್ದು ಮಾಡುವ ವಸ್ತುವಿನ ಜೊತೆ ಬಹಳ ಕಾಲ ಬಾಳಿದವನಿಗೆ ಆ ಸದ್ದು ಕೇಳಿಸುವುದೇ ನಿಂತುಹೋಗುತ್ತದೆ. ನನ್ನ ಹಳೇ ಅಂಬಾಸಿಡರ್ ಕಾರಿನ ವಿಷಯದಲ್ಲಿ ಹಾಗೇ ಆಯಿತು. ಕೊಟ್ಟೂರಿನ ರಸ್ತೆಯಲ್ಲಿ ಅದು ಹೊರಟರೆ ಹಳೇ ಮಂಚದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಮಗ್ಗಲು ಬದಲಿಸಿದಂತೆ ಕಿರಗುಡುತ್ತದೆ ಎಂದು ಊರವರು ಹೇಳುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ಇಂಜಿನ್ನಿನ ಗಾಂಭೀರ್ಯ ಮಾತ್ರ.

ನನ್ನ ಹೆಂಡತಿ ಗಂಗಮ್ಮನ ಅಕ್ಕ ಹರಪನಹಳ್ಳಿಯಲ್ಲಿದ್ದಾಳೆ. ಹೋದ ಸಲ ಅವರ ಮನೆ ಮುಂದೆ ಕಾರು ನಿಲ್ಲಿಸುವಷ್ಟರಲ್ಲಿ ಅಕ್ಕನ ಗಂಡ ಬಸಣ್ಣ ಚಹಾದ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. "ನೀವು ಊರ ಅಗಸಿ ಬಾಗ್ಲಾ ದಾಟಿದಾಗ್ಲೇ ಸಪ್ಪಳ ಕೇಳ್ತು ನೋಡ್ರಿ, ಚಾಕ್ಕ ಇಟ್ಟೇ ಬಿಟ್ವಿ" ಎಂದರು. ನಾನು ಅದನ್ನು ಆದರ ಅಂದುಕೊಂಡೆ. ಗಂಗಮ್ಮ ಅವಮಾನ ಅಂದುಕೊಂಡಳು. ಈ ಸಲ ಅಕ್ಕನ ಬಸುರಿ ಮಗಳ ಕುಬುಸಕ್ಕೆ ಹೊರಡುವ ಮಾತು ಬಂದಾಗ ತೀರ್ಮಾನ ತಿಳಿಸಿದಳು. "ಆ ಕಿರಗುಡೋದು ನಿಲ್ಲೋ ತನಕ ನಾ ಅದರಾಗ ಹತ್ತಂಗಿಲ್ಲ. ನಾ ಬಸ್ಸಿಗೆ ಹೋಗ್ತೀನಿ, ನೀವು ನಿಮ್ಮ ಕಾರು ತಗೊಂಡು ಹಿಂದ ಬರ್ರಿ."

ಹೆಂಡತಿ ಬಸ್ಸಿನಲ್ಲಿ ಮುಂದೆ, ಗಂಡ ಖಾಲಿ ಕಾರಿನಲ್ಲಿ ಹಿಂದೆ. ಕೂಡ್ಲಿಗಿಯಿಂದ ಹಡಗಲಿ ತನಕ ಹರಡಿರುವ ನಮ್ಮ ನೆಂಟರಿಗೆ ಮಾತಾಡಲು ಇನ್ನೇನು ಬೇಕು? ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ನಾನು ಹತ್ತನೇ ತರಗತಿ ಪಾಸಾದದ್ದು ಮಕ್ಕಳಾದ ಮೇಲೆ. ತಡವಾಗಿ ಓದಿದವನಿಗೆ ತಿಳಿದದ್ದನ್ನೆಲ್ಲ ಕೈಯಾರೆ ಮಾಡಿ ನೋಡುವ ಚಪಲ ಜಾಸ್ತಿ. ವಿಜ್ಞಾನ ಓದುವಾಗ ಆವಿಯ ಪ್ರಯೋಗಕ್ಕೆಂದು ಸಾರಿನ ಪಾತ್ರೆಯ ತಳ ಸುಟ್ಟಿದ್ದನ್ನು ಗಂಗಮ್ಮ ಇನ್ನೂ ಮರೆತಿಲ್ಲ. ಈಗ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಚಕ್ರ ಹಿಡಿದಿರುವ ಕಬ್ಬಿಣದ ತೋಳುಗಳ ತುದಿಯಲ್ಲಿ ರಬ್ಬರಿನ ಬುಷ್ ಇರುತ್ತದೆ, ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರಗುಡುತ್ತದೆ. ಹಳೆಯದನ್ನು ಪ್ರೆಸ್ಸಿನಿಂದ ಒತ್ತಿ ತೆಗೆಯಿರಿ, ಹೊಸದನ್ನು ಪ್ರೆಸ್ಸಿನಿಂದ ಒತ್ತಿ ಕೂಡಿಸಿರಿ ಎಂದ ವಿಡಿಯೋದವನು. ಯಾವ ಪ್ರೆಸ್ ಎಂದು ಹೇಳಲಿಲ್ಲ. ನಮ್ಮ ಮನೆಯಲ್ಲಿ ಒತ್ತುವ ಯಂತ್ರ ಇದ್ದದ್ದು ಒಂದೇ. ಕೆಳಗೆ ಮೂರು ಕಾಲು, ಮೇಲೆ ತಿರುಪು, ತಿರುಪಿಗೆ ಉದ್ದನೆಯ ಹಿಡಿ. ಗಂಗಮ್ಮನ ತವರಿನವರು ಮದುವೆಯಲ್ಲಿ ಕೊಟ್ಟ ಶ್ಯಾವಿಗೆ ಒತ್ತುವ ಯಂತ್ರ.

ಅವಳು ಸಂತೆಗೆ ಹೋದಾಗ ಪಕ್ಕದ ಮನೆಯ ಗೆಳೆಯ ಕೊಟ್ರೇಶನನ್ನು ಕರೆದೆ. ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ದಿಮ್ಮಿ ಕೊಟ್ಟು, ತೋಳುಗಳನ್ನು ಬಿಚ್ಚಿ ಹಿತ್ತಲಿಗೆ ತಂದೆವು. ಯಂತ್ರ ನೋಡಿ ಅವನ ಮುಖ ಸಣ್ಣಗಾಯಿತು. "ಲೇ, ಇದ್ರಾಗ ಒತ್ತಿದ ಶ್ಯಾವಿಗಿ ಹೋದ ಹಬ್ಬಕ್ಕ ನಾನೂ ಉಂಡೀನಲ್ಲೋ" ಎಂದ. ಆದರೂ ಕಾಲುಗಳನ್ನು ಗಟ್ಟಿಯಾಗಿ ಹಿಡಿದ, ನಾನು ಹಿಡಿ ತಿರುಗಿಸಿದೆ. ಹಳೇ ಬುಷ್ ಒಣಗಿದ ಹಾಗಲಕಾಯಿಯಂತೆ ಹೊರಗೆ ಬಂತು. ಸಾಬೂನು ನೀರು ಸವರಿ ಹೊಸವನ್ನು ಒಂದೊಂದಾಗಿ ಒತ್ತಿದೆವು. ಕೊನೆಯದು ಗಟ್ಟಿಯಾಗಿ ಕೂತಿತು. ಅದು ಕೂತ ಗಳಿಗೆಯಲ್ಲೇ ಯಂತ್ರದ ಒಂದು ಕಾಲು ಅರ್ಧಕ್ಕೆ ಮುರಿಯಿತು. ಕೊಟ್ರೇಶ ತಾನು ಇಲ್ಲಿಗೆ ಬಂದೇ ಇಲ್ಲವೆಂದು ನನಗೆ ತಿಳಿಸಿ, ಬಾಗಿಲು ತೆರೆದೇ ಇದ್ದರೂ ಗೋಡೆ ಹಾರಿ ಮನೆಗೆ ಹೋದ.

ಒಬ್ಬನೇ ತೋಳುಗಳನ್ನು ಜೋಡಿಸಿ, ಕಾರನ್ನು ತನ್ನ ಕಾಲ ಮೇಲೆ ನಿಲ್ಲಿಸಿ, ವಿಡಿಯೋದವನು ಹೇಳಿದಂತೆ ಆಮೇಲೆಯೇ ಬೋಲ್ಟು ಬಿಗಿದೆ. ಹರಪನಹಳ್ಳಿಯಲ್ಲಿ ಗುಟ್ಟಾಗಿ ಬೆಸುಗೆ ಹಾಕಿಸುವುದೆಂದು ಯಂತ್ರವನ್ನು ಲುಂಗಿಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟೆ. ಜಾಕು ತಾಗಿ ಸದ್ದಾದೀತೆಂದು ಜಾಕನ್ನು ಅಲ್ಲಿಂದ ತೆಗೆದು ಮುಂದಿನ ಸೀಟಿನ ಕೆಳಗೆ ತಳ್ಳಿದೆ. ಇಷ್ಟು ಮುಂದಾಲೋಚನೆ ನನಗೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಹೊರಡುವ ಬೆಳಿಗ್ಗೆ ಅಕ್ಕ ಫೋನ್ ಮಾಡಿ, ಬರುವಾಗ ಶ್ಯಾವಿಗೆ ಯಂತ್ರ ತಾರೇ ಎಂದಳು. ಗಂಗಮ್ಮ ಮನೆಯೆಲ್ಲ ಹುಡುಕಿದಳು. ನಾನೂ ಹುಡುಕಿದೆ. ಬ್ಯಾಟರಿ ಹಿಡಿದು ಮಂಚದ ಕೆಳಗೆ ತೆವಳಿ ಕೂಡ ನೋಡಿದೆ. ಕೊನೆಗೆ ಕೊಟ್ರೇಶನ ಹೆಂಡತಿಯೇ ಒಯ್ದಿರಬೇಕೆಂದು ಗಂಗಮ್ಮ ಆ ಗೋಡೆಯ ಕಡೆ ನೋಡಿದ ನೋಟಕ್ಕೆ ಗೋಡೆಯ ಮೇಲೆಯೇ ನನಗೆ ಕನಿಕರ ಬಂತು. ಬಾಯಿ ಮಾತ್ರ ಬಿಡಲಿಲ್ಲ.

ಕಿರಗುಡುವುದು ನಿಂತಿದೆ ಎಂದು ನಂಬಿಸಿ ಅವಳನ್ನು ಮುಂದಿನ ಸೀಟಿಗೆ ಹತ್ತಿಸಿದೆ. ಕಾರು ಹೊರಟಿತು. ಚೂರೂ ಸಪ್ಪಳವಿಲ್ಲ. ಗಂಗಮ್ಮ ಸೆರಗು ಸರಿಮಾಡಿಕೊಂಡು, ಈಗ ನಾಲ್ಕು ಮಂದಿ ಎದುರಿಗೆ ಇಳಿಯಬಹುದು ಎಂದಳು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಊರಾಚೆಯ ಹಂಪ್ ಬಂತು, ಹಿಂದೆ ಟಣ್ ಎಂದಿತು. ಹಳೇ ಬುಷ್ ಇದ್ದಿದ್ದರೆ ಡಿಕ್ಕಿಯಲ್ಲಿ ಡೊಳ್ಳು ಬಾರಿಸಿದರೂ ಕೇಳುತ್ತಿರಲಿಲ್ಲ.

"ಡಿಕ್ಕ್ಯಾಗ ಏನ್ರೀ ಅದು?"

"ಜಾಕು" ಎಂದೆ.

"ಜಾಕು ಇಲ್ಲಿ ನನ್ನ ಕಾಲಾಗ ಐತಲ್ರಿ."

ಕಾರು ನಿಲ್ಲಿಸಿದೆ. ಅವಳು ಡಿಕ್ಕಿ ತೆಗೆಸಿ, ಲುಂಗಿಯ ಗಂಟು ಬಿಚ್ಚಿ ನೋಡಿದಳು. ಎರಡೂವರೆ ಕಾಲಿನ ಆ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಹರಪನಹಳ್ಳಿ ತನಕ ಒಂದು ಮಾತಿಲ್ಲ. ನನ್ನ ಕಾರು ಅಷ್ಟು ನಿಶ್ಶಬ್ದವಾಗಿ ಓಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಕ್ಕನ ಮನೆ ಮುಂದೆ ನಿಂತರೂ ಯಾರೂ ಹೊರಗೆ ಬರಲಿಲ್ಲ. ನಾನೇ ಹೋಗಿ ಬಾಗಿಲು ಬಡಿದೆ. ಬಸಣ್ಣ ಬಾಗಿಲು ತೆರೆದು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. "ಅಲ್ರಿ, ಈ ಸಲ ಸಪ್ಪಳನ ಇಲ್ಲಲ್ರಿ" ಎಂದರು.

ಗಂಗಮ್ಮ ಯಂತ್ರ ಎತ್ತಿಕೊಂಡು ನನ್ನ ಹಿಂದೆಯೇ ಬಂದಳು. "ತಡೀರಿ ಭಾವಾರ, ಈಗ ಬರ್ತೈತಿ" ಎಂದಳು.

ಅವಳ ದನಿ ಅಗಸಿಯ ತನಕ ಕೇಳಿಸಿತಂತೆ. ಆ ದಿನ ಚಹಾಕ್ಕೆ ನಾನೇ ಇಟ್ಟೆ.