ಭಾವನ ಕಾರಿನ ಆಂಪ್ಲಿಫೈಯರ್

ಮಳೆಗಾಲ ಮುಗಿಯುತ್ತ ಬಂದಿದ್ದರೂ ಮೋಡ ಬಿಟ್ಟಿರಲಿಲ್ಲ. ಅಂಗಳದಲ್ಲಿ ಮೆಕ್ಕೆಜೋಳದ ತೆನೆ ರಾಶಿ ಬಿದ್ದಿತ್ತು. ಹೂಂಗುಟ್ಟಣ್ಣನ ಹೆಂಡತಿ ಸಿಪ್ಪೆ ಸುಲಿಯುತ್ತಿದ್ದಳು. ಕಾಳು ಬಿಡಿಸುವ ಮಿಷನ್ ಇದ್ದದ್ದು ಅವಳ ಅಣ್ಣನ ಬಳಿ ಮಾತ್ರ. ನಾಳೆ ತರುತ್ತೇನೆಂದು ಆ ಭಾವ ಮಾತು ಕೊಟ್ಟು, ಟಾರ್ಪಾಲು ತರಲು ತನ್ನ ಕಾರನ್ನೂ ಬಿಟ್ಟುಹೋಗಿದ್ದ.

ಆ ಟಾರ್ಪಾಲನ್ನು ಇಳಿಸುವಾಗ ಹೂಂಗುಟ್ಟಣ್ಣ ಅದನ್ನು ಡಿಕ್ಕಿಯಲ್ಲಿದ್ದ ಆಂಪ್ಲಿಫೈಯರಿನ ಮೇಲೆ ಧೊಪ್ಪನೆ ಬೀಳಿಸಿದ. ಯಾರೇನು ಹೇಳಿದರೂ ‘ಹೂಂ’ ಎನ್ನುವವನಾದ್ದರಿಂದ ಅವನಿಗೆ ಆ ಹೆಸರು. ಗಾಬರಿಯಿಂದ ಹಾಡು ಹಾಕಿ ನೋಡಿದ. ಸ್ಪೀಕರು ಮುನಿಸಿಕೊಂಡ ಅತ್ತೆಯಂತೆ ಬಾಯಿ ಬಿಡಲಿಲ್ಲ.

“ಕೆಡಿಸಿದ್ರಾ? ಸಂಜೆ ಕಾರು ಒಯ್ಯೋಕೆ ಅಣ್ಣ ಬರ್ತಾನೆ. ಕೋಪ ಮಾಡ್ಕೊಂಡು ಮಿಷನ್ ತರದೇ ಹೋದ್ರೆ ಟಾರ್ಪಾಲಿನ ಕೆಳಗೇ ತೆನೆಯೆಲ್ಲ ಮೊಳಕೆ ಬರತ್ತೆ, ನೋಡ್ತಿರಿ,” ಎಂದಳು ಹೆಂಡತಿ.

ಹಾಲಿನವನು ಸೈಕಲ್ ನಿಲ್ಲಿಸಿದ. “ಫ್ಯೂಸ್ ಹೋಗಿದೆ ಕಣಣ್ಣ. ವೈಪರಿಂದು ಕಿತ್ತು ಹಾಕು.”

“ಹೂಂ.”

ಹಾಡು ಬರಲಿಲ್ಲ, ವೈಪರಿನ ಫ್ಯೂಸು ಮುರಿಯಿತು.

ಎದುರು ಮನೆಯ ದರ್ಜಿ ಬಂದ. “ಸ್ಪೀಕರ್ ಹರಿದಿರ್ಬೇಕು. ಬಿಚ್ಚು, ಹೊಲಿದುಕೊಡ್ತೀನಿ.”

“ಹೂಂ.”

ಕಾರಿನ ಬಾಗಿಲಿನ ಹಲಗೆ ಬಿಚ್ಚಿ ನೋಡಿದರೆ ಸ್ಪೀಕರು ನೆಟ್ಟಗಿತ್ತು, ಕಿಟಕಿಯ ಗಾಜು ಮಾತ್ರ ಸರ್ರನೆ ಬಾಗಿಲೊಳಗೆ ಇಳಿದುಹೋಯಿತು. ಕಾರು ಗರಿ ಕಿತ್ತ ಕೋಳಿಯ ಹಾಗೆ ನಿಂತಿತ್ತು. ಹೂಂಗುಟ್ಟಣ್ಣ ತೆನೆಗಳ ಮೇಲೆ ಕುಸಿದು ಕೂತ.

ಕೊನೆಗೆ ಹೆಂಡತಿ ಪಂಪ್ ರಿಪೇರಿಯವನನ್ನು ಕರೆಸಿದಳು. ಅವನು ಡಿಕ್ಕಿಯೊಳಗೆ ತಲೆ ತೂರಿಸಿದ. “ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿದ್ದಿದ್ರೆ ಸ್ಪೀಕರ್ ವೈರ್ ಎಲ್ಲೋ ಕಾರಿನ ತಗಡಿಗೆ ತಾಗಿದೆ ಅನ್ನಬಹುದಿತ್ತು. ಇಲ್ಲಿ ಯಾವ ದೀಪಾನೂ ಹತ್ತಿಲ್ವಲ್ಲ! ಓ, ಅರ್ಥ್ ವೈರೇ ಕಳಚಿದೆ.” ಬೋಲ್ಟಿನ ಕೆಳಗಿನ ತುಕ್ಕು ಕೆರೆದು ವೈರು ಬಿಗಿದ. ಹಸಿರು ದೀಪ ಹತ್ತಿತು. ಹಾಡು ಸಿಡಿದ ಹೊಡೆತಕ್ಕೆ ಕೋಳಿಗಳು ಸೂರು ಹತ್ತಿದವು. ಗಾಜು ಎತ್ತಿ ಕೂರಿಸಿ, ಬೇರೆ ಫ್ಯೂಸು ಹಾಕಿ, ಅವನು ಕೈ ತೊಳೆಯಲು ಹಿತ್ತಲಿಗೆ ಹೋದ.

ಅಷ್ಟರಲ್ಲಿ ಭಾವ ತನ್ನ ಮಾವನನ್ನೂ ಕರೆದುಕೊಂಡು ಬಂದ. ಹೂಂಗುಟ್ಟಣ್ಣ ಹೆಮ್ಮೆಯಿಂದ ಹಾಡಿನ ದನಿ ಏರಿಸಿದ. ಭಾವನ ಮುಖ ಬಿಳುಚಿತು. ಮಾವನವರ ಮುಖ ಅರಳಿತು.

“ಅಳಿಯಂದ್ರೇ, ಸುಟ್ಟೇಹೋಗಿದೆ, ಇನ್ನು ರಿಪೇರಿ ಆಗಲ್ಲ ಅಂದಿದ್ರಿ!” ಎನ್ನುತ್ತ ಅವರು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದರು. “ಎಲ್ಲಾ ನಾನೇ ಹಾಡಿದ್ದು!”

ಈಯಲಾರದ ಎಮ್ಮೆಯ ನರಳಾಟದಂಥ ರಾಗವೊಂದು ಅಂಗಳ ತುಂಬಿತು.

ಭಾವ ಹೂಂಗುಟ್ಟಣ್ಣನ ರಟ್ಟೆ ಹಿಡಿದು ಪಕ್ಕಕ್ಕೆಳೆದ. “ಆ ವೈರ್ ಬಿಚ್ಚಿಟ್ಟಿದ್ದು ನಾನು ಕಣಯ್ಯಾ! ಒಂದು ವರ್ಷ ನೆಮ್ಮದಿಯಾಗಿದ್ದೆ.”

“ತಪ್ಪಾಯ್ತು ಭಾವ. ನಾಳೆ ಮಿಷನ್...”

“ಅಳಿಯಂದ್ರೇ,” ಕಾರಿನೊಳಗಿಂದ ಕೂಗು ಬಂತು, “ನಾಳೆ ಬೆಳಿಗ್ಗೇನೇ ಹೊರಡೋಣ. ನನ್ನ ತಂಗೀರೆಲ್ಲ ಇದನ್ನ ಕೇಳ್ಬೇಕು. ಒಬ್ಬೊಬ್ಬರ ಮನೇಲಿ ಒಂದೊಂದು ದಿನ!”

“ಕೇಳಿಸ್ತಾ? ಕಾರು ಓಡಿಸೋನೂ ನಾನೇ, ಮಿಷನ್ ಓಡಿಸೋನೂ ನಾನೇ. ಇನ್ನು ಮಿಷನ್ ಬರೋದು ಮುಂದಿನ ವಾರಾನೇ,” ಎಂದು ಭಾವ ನೇಣಿಗೆ ನಡೆಯುವವನಂತೆ ಹೋಗಿ ಸ್ಟೀರಿಂಗ್ ಹಿಡಿದ.

ಕಾರು ಮರೆಯಾದ ಮೇಲೂ ರಾಗ ಕೇಳುತ್ತಲೇ ಇತ್ತು. ತೆನೆಗಳ ಮೇಲೆ ಹನಿ ಉದುರತೊಡಗಿತು. ಪಂಪ್ ರಿಪೇರಿಯವನು ಕೈ ಒರೆಸಿಕೊಳ್ಳುತ್ತ ಹಿತ್ತಲಿನಿಂದ ಬಂದ.

“ನಂಗೆ ದುಡ್ಡೇನೂ ಬೇಡಣ್ಣ. ನಾಳೆ ಮಿಷನ್ ಬಂದಾಗ ನಂದೂ ಒಂದಿಷ್ಟು ತೆನೆ ಬಿಡಿಸಿಕೊಡು, ಸಾಕು. ಗಾಡೀಲಿ ತುಂಬಿಸಿ ಕಳಿಸು ಅಂತ ಮನೆಗೆ ಆಗಲೇ ಫೋನ್ ಮಾಡಿದೀನಿ.”