ಮೊಬೈಲಿಗೆ ಇಳಿಸಿದ ಮದುವೆ

ಅನುಮಾನವೆಂದರೆ ಕೆಲಸವಿಲ್ಲದವರ ಚಟ ಎಂದು ಬಹಳ ಜನ ತಿಳಿದಿದ್ದಾರೆ. ಅವರಿಗೆ ಅನುಮಾನಪಟ್ಟು ಅಭ್ಯಾಸವಿಲ್ಲ. ನಂಬುವುದಕ್ಕೆ ಏನು ಶ್ರಮ ಬೇಕು? ಕುರ್ಚಿಯಲ್ಲಿ ಒರಗಿ ಕಾಲು ಚಾಚಿಕೊಂಡೇ ಜಗತ್ತನ್ನೆಲ್ಲ ನಂಬಬಹುದು. ಅನುಮಾನಕ್ಕಾದರೆ ಎದ್ದು ಓಡಾಡಬೇಕು. ಹಾಲಿನವನು ಅಳೆಯುವಾಗ ನೊರೆಯೆಷ್ಟು, ಹಾಲೆಷ್ಟು ಎಂದು ಬಗ್ಗಿ ನೋಡಬೇಕು. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ನೋಡಬೇಕು. ಆಟೋ ಹತ್ತಿದರೆ ಅವನು ಯಾವ ಸಂದಿಗೆ ತಿರುಗಿಸುತ್ತಾನೋ ಎಂದು ದಾರಿಯುದ್ದಕ್ಕೂ ಕತ್ತು ಹೊರಗೆ ಹಾಕಿರಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹರಿಹರದಿಂದ ಬರಿಗೈಯಲ್ಲಿ ವಿಶಾಖಪಟ್ಟಣಕ್ಕೆ ಬಂದು, ಇನ್ನೊಬ್ಬರ ಅಂಗಡಿಯಲ್ಲಿ ಕಾಜ ಹೊಲಿದು, ಆಮೇಲೆ ಅದೇ ಊರಿನ ಪೆಂಡುರ್ತಿಯಲ್ಲಿ ಸ್ವಂತ ಟೈಲರ್ ಅಂಗಡಿ ಇಟ್ಟು, ಯಾರ ಮುಂದೆಯೂ ಕೈಚಾಚದೆ ಮಗಳ ಮದುವೆ ಮಾಡಿದವನು. ಶ್ರಮಕ್ಕೆ ಹೆದರುವ ಜಾತಿಯಲ್ಲ ನನ್ನದು. ಆದ್ದರಿಂದ ಅನುಮಾನದಲ್ಲೂ ನಾನು ಯಾರಿಗೂ ಕಡಿಮೆಯಿಲ್ಲ.

ನನ್ನ ಕಸುಬೂ ಅದಕ್ಕೆ ತಕ್ಕಂತೆಯೇ ಇದೆ. ದರ್ಜಿಯನ್ನು ನಂಬಿದ ಗಿರಾಕಿಯನ್ನು ನಾನು ಇದುವರೆಗೆ ಕಂಡಿಲ್ಲ. ಪ್ಯಾಂಟಿನ ಬಟ್ಟೆ ಕೊಟ್ಟವರು ಮನೆಗೆ ಹೋಗುವುದಿಲ್ಲ. ಎದುರಿನ ಬೆಂಚಿನ ಮೇಲೆ ಕುಳಿತು ನನ್ನ ಕತ್ತರಿಯನ್ನೇ ನೋಡುತ್ತಿರುತ್ತಾರೆ. ಹೊಲಿದು ಕೊಟ್ಟರೆ ಹಾಕಿಕೊಂಡು ನೋಡುವ ಮೊದಲೇ, ಮಿಕ್ಕಿದ ಬಟ್ಟೆ ಎಲ್ಲಿ ಮಾಸ್ಟರುಗಾರೂ ಎನ್ನುತ್ತಾರೆ. ನಾನು ಚಿಂದಿಯನ್ನೂ ಬಿಡದೆ ಗಂಟು ಕಟ್ಟಿ ಕೊಡುತ್ತೇನೆ. ಒಮ್ಮೆ ಒಬ್ಬ ಲೆಕ್ಚರರು ಆ ಗಂಟನ್ನು ನನ್ನೆದುರೇ ಬಿಚ್ಚಿ, ಚೂರುಗಳನ್ನು ಪ್ಯಾಂಟಿನ ಪಕ್ಕದಲ್ಲಿ ಜೋಡಿಸಿ, ಅಳತೆ ಹಾಕಿ, ಆದರೂ ಸಮಾಧಾನವಾಗದೆ ಎದ್ದುಹೋದರು. ನನಗೆ ಸಿಟ್ಟು ಬರಲಿಲ್ಲ. ಓದಿದವರಲ್ಲೂ ಇಂಥವರು ಇದ್ದಾರಲ್ಲ ಎಂದು ಸಂತೋಷವೇ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಮಗಳು ಸುಮಳ ಮದುವೆ ನಡೆದದ್ದು ವಿಜಯವಾಡದಲ್ಲಿ, ನನ್ನ ಹೆಂಡತಿ ಲಲಿತಳ ತವರಿನಲ್ಲಿ. ಅವರದು ತಲೆಮಾರುಗಳಿಂದ ಕನ್ನಡ, ತೆಲುಗು ಎರಡೂ ಬೆರೆತುಹೋದ ಮನೆ. ಊಟಕ್ಕೆ ಕನ್ನಡದಲ್ಲಿ ಕರೆದು ತೆಲುಗಿನಲ್ಲಿ ಬಡಿಸುತ್ತಾರೆ. ಮದುವೆಯೇನೋ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಆಲ್ಬಂ ಬಂದಮೇಲೆ. ಸಾವಿರಾರು ಫೋಟೋಗಳಲ್ಲಿ ಆಲ್ಬಮ್ಮಿಗೆ ಬೇಕಾದವನ್ನು ಆರಿಸಿಕೊಡುವ ಕೆಲಸವನ್ನು ಅಲ್ಲೇ ಇಬ್ರಾಹಿಂಪಟ್ನಂನಲ್ಲಿದ್ದ ಬಾಮೈದ ಪ್ರಸಾದನಿಗೆ ಒಪ್ಪಿಸಿದ್ದೆ. ಬಂದ ಆಲ್ಬಮ್ಮು ತೂಕಕ್ಕೆ ಇಸ್ತ್ರಿ ಪೆಟ್ಟಿಗೆಯಂತಿತ್ತು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಹರಿಹರಕ್ಕೆ ಹೋಗಿ, ನಮ್ಮ ಗಿರಿಜಕ್ಕನ ಕೈಗಿಟ್ಟೆ. ಅಕ್ಕ ಎಂದರೆ ಮದುಮಗಳ ಸೋದರತ್ತೆ, ಮಂಟಪದಲ್ಲಿ ಆರತಿ ಎತ್ತಿದವಳು. ಅವಳು ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಒಂದೊಂದಾಗಿ ತಿರುವಿದಳು. ಲಲಿತಳ ಕಡೆಯವರು ಇದ್ದರು, ಅವರ ಪಕ್ಕದ ಮನೆಯವರು ಇದ್ದರು, ಪಲ್ಯ ಬಡಿಸುವವನು ಕೂಡ ಎರಡು ಕಡೆ ಇದ್ದ. ಅಕ್ಕ ಒಂದು ಕಡೆಯೂ ಇರಲಿಲ್ಲ. ಅವಳು ಆಲ್ಬಂ ಮುಚ್ಚಿ, ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ ನನಗೆ ವಾಪಸ್ಸು ಕೊಟ್ಟು, "ನಾನು ಮದುವಿಗೆ ಬಂದಿದ್ದೆ ಹೌದಲ್ಲೋ ತಮ್ಮಾ?" ಎಂದಳು. ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಆಮೇಲೆ ಅವಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಬಾವ ಎತ್ತಿ, ಅವಳು ಹಿತ್ತಲಿನಲ್ಲಿದ್ದಾಳೆ ಎನ್ನುತ್ತಿದ್ದರು. ಅವರ ಮನೆಗೆ ಹಿತ್ತಲೇ ಇಲ್ಲ.

ಅಷ್ಟರಲ್ಲಿ ಅಕ್ಕನ ಮಗಳು ರೂಪಾಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ರೂಪಾಳಿಗೆ ಇರುವ ಸೋದರಮಾವ ನಾನೊಬ್ಬನೇ. ಲಗ್ನಪತ್ರಿಕೆ ಅಚ್ಚಾಗಿದೆ, ಎಲ್ಲರಿಗೂ ಹೋಗಿದೆ, ನನಗೆ ಬಂದಿಲ್ಲ. ಊರಿನಿಂದ ಬಂದ ಸುದ್ದಿ ಇನ್ನೂ ಹದಗೆಟ್ಟಿತ್ತು. ನಮ್ಮ ಚಿಕ್ಕಪ್ಪನ ಮಗನನ್ನು ಆ ಜಾಗಕ್ಕೆ ನಿಲ್ಲಿಸುವ ಮಾತು ನಡೆದಿದೆಯಂತೆ, ಅವನು ಆಗಲೇ ಹೊಸ ಜುಬ್ಬಕ್ಕೆ ಅಳತೆ ಕೊಟ್ಟಿದ್ದಾನಂತೆ. ಅದೂ ಬೇರೆ ದರ್ಜಿಗೆ.

ಮೊದಲ ಅನುಮಾನ ಸಹಜವಾಗಿ ಪ್ರಸಾದನ ಮೇಲೆ ಹೋಯಿತು. ಬೇಕೆಂದೇ ನಮ್ಮ ಕಡೆಯವರನ್ನು ತೆಗೆದುಹಾಕಿದ್ದಾನೆ ಎಂದೆ. ಲಲಿತ ಸಾಮಾನ್ಯವಾಗಿ ನನ್ನನ್ನು "ರೀ" ಎನ್ನುತ್ತಾಳೆ, ಕೋಪ ಬಂದರೆ ತೆಲುಗಿನ "ಏಮಂಡಿ"ಗೆ ಇಳಿಯುತ್ತಾಳೆ. "ಏಮಂಡಿ, ನಮ್ಮ ತಮ್ಮ ರಜಾ ಹಾಕಿ ಕೂತು ಆರಿಸಿದಾನೆ. ಅವನಿಗೇನು ನಿಮ್ಮ ಅಕ್ಕನ ಮೇಲೆ ಹಗೆ?" ಎಂದಳು. ಅವನನ್ನೇ ಕೇಳು ಎಂದರೆ, ಕೇಳಿದೆ, ಏನೋ ನುಂಗಿಕೊಂಡು ಮಾತಾಡ್ತಾನೆ, ಎಂದಳು. ನುಂಗಿಕೊಂಡು ಮಾತಾಡುವವನ ಹೊಟ್ಟೆಯಲ್ಲಿ ಏನಾದರೂ ಇರಲೇಬೇಕು ಎಂದು ನಾನು ತೀರ್ಮಾನಿಸಿದೆ.

ಆದರೆ ನನ್ನ ಹತ್ತಿರ ಒಂದು ಸಾಕ್ಷಿ ಉಳಿದಿತ್ತು. ಮದುವೆಯ ಡಿವಿಡಿ. ಫೋಟೋ ಆರಿಸಬಹುದು, ವಿಡಿಯೋ ಹೇಗೆ ಆರಿಸುತ್ತಾನೆ? ಅಕ್ಕ ಆರತಿ ಎತ್ತುವಾಗ ವಿಡಿಯೋದವನು ದೀಪ ಹಿಡಿಸಿಕೊಂಡು ಎದುರಿಗೇ ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ತೋರಿಸಿಬಿಟ್ಟರೆ ಮುಗಿಯಿತು. ತೊಂದರೆಯೆಂದರೆ, ಆ ಡಿವಿಡಿಯನ್ನು ನಾವೇ ಇನ್ನೂ ನೋಡಿರಲಿಲ್ಲ. ನಮ್ಮ ಮನೆಯ ಪ್ಲೇಯರ್ ಬಾಯಿ ತೆರೆಯುವುದನ್ನು ನಿಲ್ಲಿಸಿ, ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ ಹೊದ್ದು ಕುಳಿತಿತ್ತು. ಅಕ್ಕನ ಮನೆಯಲ್ಲಿ ಪ್ಲೇಯರೇ ಇಲ್ಲ. ಆದರೆ ಆ ವರ್ಷ ಇಂಟರ್ನೆಟ್ ಅಗ್ಗವಾಗಿ ಎಲ್ಲರ ಕೈಗೂ ಟಚ್ ಫೋನ್ ಬಂದಿತ್ತಲ್ಲ, ಅಕ್ಕನ ಕೈಗೂ ಬಂದಿತ್ತು. ನನ್ನ ಫೋನ್ ಎತ್ತದಿದ್ದರೂ ದಿನಾ ಬೆಳಿಗ್ಗೆ ದೇವರ ಚಿತ್ರ ಮಾತ್ರ ಎಲ್ಲರ ಜೊತೆಗೆ ನನಗೂ ಕಳಿಸುತ್ತಿದ್ದಳು.

ನಮ್ಮ ಸಾಲಿನಲ್ಲೇ ಮೊಬೈಲ್ ಅಂಗಡಿ ಇಟ್ಟಿರುವ, ನನ್ನನ್ನು ತೆಲುಗಿನಲ್ಲಿ ಬಾಬಾಯ್, ಎಂದರೆ ಚಿಕ್ಕಪ್ಪ, ಎನ್ನುವ ಶೇಖರನ ಹತ್ತಿರ ಹೋದೆ. ಡಿವಿಡಿಯಲ್ಲಿರುವುದು ಫೋನಿನಲ್ಲಿ ಹಾಗೇ ಓಡುವುದಿಲ್ಲ, ಕನ್ವರ್ಟ್ ಮಾಡಬೇಕು ಎಂದ. ಹಾಗೆಂದರೇನು ಎಂದು ಕೇಳಿದೆ. ದೊಡ್ಡವರ ಪ್ಯಾಂಟನ್ನು ಮಗುವಿನ ಅಳತೆಗೆ ಇಳಿಸಿದ ಹಾಗೆ ಬಾಬಾಯ್ ಎಂದು ನನಗೆ ತಿಳಿಯುವಂತೆ ಹೇಳಿದ. ಹಾಗೆ ಹೇಳಿದ್ದೇ ಅವನ ತಪ್ಪು. ಅಂಗಡಿಯಲ್ಲಿ ಟ್ರಯಲ್ ಗಿರಾಕಿ ಕಾಯುತ್ತಿದ್ದುದರಿಂದ ನಾನು ಡಿವಿಡಿ ಕೊಟ್ಟು ಬಂದುಬಿಟ್ಟೆ. ಮುಂದೆ ನಿಂತು ನೋಡದೆ ವಸ್ತು ಕೊಟ್ಟು ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಸಂಜೆ ಹೋದಾಗ ನನ್ನ ಫೋನಿಗೆ ಹಾಕಿಕೊಟ್ಟ. ಅಳತೆ ಎಷ್ಟಾಯಿತು ಎಂದು ನೋಡಿದೆ. ಡಿವಿಡಿಯಲ್ಲಿ ನಾಲ್ಕು ಜಿಬಿ ಚಿಲ್ಲರೆ ಇದ್ದ ಮದುವೆ ಫೋನಿನಲ್ಲಿ ಅರ್ಧ ಜಿಬಿಯೂ ಇರಲಿಲ್ಲ. ಮಿಕ್ಕಿದ್ದು ಎಲ್ಲಿ ಎಂದು ಕೇಳಿದೆ. ಮಿಕ್ಕಿದ್ದೇನೂ ಇಲ್ಲ ಬಾಬಾಯ್, ಎಲ್ಲ ಇದರಲ್ಲೇ ಇದೆ ಎಂದ. ದೊಡ್ಡ ಪ್ಯಾಂಟನ್ನು ಮಗುವಿಗೆ ಇಳಿಸಿದರೆ ಒಂದು ಚೀಲದಷ್ಟಾದರೂ ಚೂರು ಉಳಿಯಬೇಕು, ನನಗೆ ಗೊತ್ತಿಲ್ಲವೇ? ಶೇಖರ ತಲೆ ಕೆರೆದುಕೊಂಡು, ಚಿತ್ರದಲ್ಲಿ ಬೇಡದ್ದನ್ನು ಕಂಪ್ಯೂಟರೇ ಹಿಂಡಿ ತೆಗೆಯುತ್ತದೆ ಎಂದ. ನಮ್ಮ ಮದುವೆಯಲ್ಲಿ ಯಾರು ಬೇಡದವರು ಎಂದು ಕಂಪ್ಯೂಟರಿಗೆ ಹೇಳಿದವರು ಯಾರು? ನಾನು ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಮನಸ್ಸಿನಲ್ಲಿ ಶೇಖರನಿಂದ ವಿಜಯವಾಡದ ಪ್ರಸಾದನವರೆಗೆ ಒಂದು ಗೆರೆ ಎಳೆದುಕೊಂಡೆ.

ಮನೆಯಲ್ಲಿ ಲಲಿತಳೂ ನಾನೂ ತಲೆಗೆ ತಲೆ ಕೂಡಿಸಿ ಅಂಗೈಯಷ್ಟಗಲದ ಮದುವೆ ನೋಡಿದೆವು. ಎಲ್ಲರೂ ಸ್ವಲ್ಪ ಉದ್ದವಾಗಿ, ತೆಳ್ಳಗೆ ಆಗಿದ್ದರು. ಲಲಿತಳಿಗೆ ಅದು ಬಹಳ ಹಿಡಿಸಿತು. ಪುರೋಹಿತರ ಬಾಯಿ ಮೊದಲು ಆಡುತ್ತಿತ್ತು, ಮಂತ್ರ ಆಮೇಲೆ ಬರುತ್ತಿತ್ತು. ಇವನ್ನೆಲ್ಲ ನಾನು ಸಹಿಸಿಕೊಂಡೆ. ಕೊನೆಗೆ ಆರತಿ ಬಂತು. ಸುಮ, ಅಳಿಯ ಕುಳಿತಿದ್ದಾರೆ, ಹೆಂಗಸರು ಹಾಡುತ್ತಿದ್ದಾರೆ, ಮಧ್ಯದಲ್ಲಿ ಅಕ್ಕ ನಿಲ್ಲಬೇಕಾದ ಕಡೆ ಒಂದು ದೊಡ್ಡ ಕಲೆ. ಕೆನೆ ಬಣ್ಣದ್ದು, ಪರದೆಯ ಅರ್ಧ ಮುಚ್ಚಿಕೊಂಡು, ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿದೆ. ಹಾಡು ಮುಗಿಯುವವರೆಗೂ ಕಲೆ ಹೋಗಲಿಲ್ಲ. ಹಿಂಡುವಾಗ ಬಣ್ಣ ಬಿಟ್ಟಿದೆ, ಇಲ್ಲವೇ ಯಾರೋ ಬೇಕೆಂದೇ ಅಂಟಿಸಿದ್ದಾರೆ ಎಂದೆ. ಲಲಿತ ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು, ಏನೋ ಹೇಳಹೊರಟಳು. ಅವಳೂ ತಮ್ಮನ ಹಾಗೆಯೇ ನುಂಗಿಕೊಂಡಳು.

ಮರುದಿನ ಅಂಗಡಿ ಮುಚ್ಚಿ ಶೇಖರನ ಎದುರು ಸ್ಟೂಲ್ ಹಾಕಿಕೊಂಡು ಕುಳಿತೆ. ನನ್ನ ಕಣ್ಣೆದುರೇ ಇನ್ನೊಮ್ಮೆ ಇಳಿಸು ಎಂದೆ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಬಸವನಹುಳುವಿನಂತೆ ಹೊರಟಿತು. ರೀಚಾರ್ಜಿಗೆ ಬಂದವರು ಬಂದರು, ಹೋದರು. ಶೇಖರ ಟೀ ತರಿಸಿದ. ನಾನು ಪಟ್ಟಿಯ ಮೇಲಿನ ಕಣ್ಣು ತೆಗೆಯದೆ ಕುಡಿದೆ. ಇಳಿದದ್ದನ್ನು ನೋಡಿದರೆ ಕಲೆ ಇದ್ದಲ್ಲೇ ಇತ್ತು. ನಾನು ಧ್ವನಿ ಏರಿಸಿದೆ. ಶೇಖರ ಒಳ್ಳೆಯವನು, ಏರಿಸಲಿಲ್ಲ. ಮೂಲ ಡಿವಿಡಿಯನ್ನೇ ಹಾಕಿ, ತನ್ನ ದೊಡ್ಡ ಪರದೆಯ ತುಂಬ ಆರತಿಯನ್ನು ತೋರಿಸಿ, ಕಲೆ ನಾನು ಮಾಡಿದ್ದಲ್ಲ ಬಾಬಾಯ್, ಅಲ್ಲೇ ಇದೆ, ಎಂದ.

ದೊಡ್ಡ ಪರದೆಯ ಮೇಲೆ ನೋಡಿದಾಗ ಅದು ಕಲೆಯಲ್ಲ, ಬಟ್ಟೆ ಎಂದು ತಿಳಿಯಿತು. ಒಳ್ಳೆಯ ರೇಷ್ಮೆ. ಕಸುಬಿನ ಕಣ್ಣು, ಸುಮ್ಮನಿರುವುದಿಲ್ಲ. ಭುಜದಿಂದ ಇಳಿದ ಹೊಲಿಗೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಬೆನ್ನಿನ ನೆರಿಗೆ ಎಲ್ಲೂ ಎಳೆದಿರಲಿಲ್ಲ. ಇಂಥ ಕೈ ವಿಜಯವಾಡದಲ್ಲಿ ಯಾರದಪ್ಪಾ ಎಂದುಕೊಂಡೆ. ಅಷ್ಟರಲ್ಲಿ ಆ ಬಟ್ಟೆ ಕ್ಯಾಮೆರಾದ ಕಡೆ ತಿರುಗಿ ನೋಡಿತು. ನಾನು.

ಶೇಖರ ಮೌಸಿನ ಮೇಲಿನ ಧೂಳು ಊದತೊಡಗಿದ.

ನೆನಪಾಯಿತು. ಬೆಳ್ಳಿಯ ಆರತಿ ತಟ್ಟೆ ಲಲಿತಳ ತವರಿನದು, ಮದುವೆ ಮನೆಯ ಗಲಾಟೆಯಲ್ಲಿ ಯಾರ ಚೀಲಕ್ಕೆ ಸೇರುವುದೋ ಎಂಬ ಹೆದರಿಕೆಯಿಂದ ನಾನು ಅದರ ಬೆನ್ನು ಹತ್ತಿದ್ದೆ. ಇತ್ತ ವಿಡಿಯೋದವನು ನಿಜವಾಗಿ ತೆಗೆಯುತ್ತಿದ್ದಾನೋ, ಬರೀ ದೀಪ ಹಾಕಿ ನಿಂತಿದ್ದಾನೋ ಎಂದು ಆಗಾಗ ತಿರುಗಿ ಕ್ಯಾಮೆರಾದ ಕೆಂಪು ಚುಕ್ಕೆಯನ್ನೂ ನೋಡಬೇಕಿತ್ತು. ಹೀಗಾಗಿ ಆ ಮದುವೆಯಲ್ಲಿ ನನ್ನ ಬೆನ್ನು ಕಂಡಾಗಲೆಲ್ಲ ನಾನು ತಟ್ಟೆ ಕಾಯುತ್ತಿದ್ದೇನೆ, ಮುಖ ಕಂಡಾಗಲೆಲ್ಲ ಕ್ಯಾಮೆರಾ ಕಾಯುತ್ತಿದ್ದೇನೆ. ಅಕ್ಕ ಇಲ್ಲವೆಂದಲ್ಲ. ಸರಿಯಾಗಿ ನೋಡಿದರೆ ನನ್ನ ಎಡಗಡೆಯಿಂದ ಬಳೆಯ ಕೈಯೊಂದು ತಟ್ಟೆ ಹಿಡಿದು ಹೊರಬರುತ್ತದೆ, ಒಳಗೆ ಹೋಗುತ್ತದೆ, ಬಲಗಡೆಯಿಂದ ಬರುತ್ತದೆ. ನೋಡಿದವರು ಆರತಿ ನನ್ನ ಬೆನ್ನಿಗೇ ಆಗುತ್ತಿದೆ ಎಂದುಕೊಳ್ಳಬೇಕು.

ನನ್ನನ್ನು ತೆಗೆದು ಅಕ್ಕನನ್ನು ಉಳಿಸಿ ಕನ್ವರ್ಟ್ ಮಾಡಲಾಗುತ್ತದೆಯೇ ಎಂದು ಮೆಲ್ಲಗೆ ಕೇಳಿದೆ. ಆಗುವುದಿಲ್ಲ, ನಿಮ್ಮ ಹಿಂದೆ ಏನಿತ್ತೆಂದು ಕ್ಯಾಮೆರಾಗೂ ಗೊತ್ತಿಲ್ಲವಲ್ಲ ಬಾಬಾಯ್ ಎಂದ. ಪೂರ್ತಿ ಮದುವೆ ವಾಟ್ಸಾಪಿನಲ್ಲಿ ಹೋಗುವುದೂ ಇಲ್ಲವಂತೆ, ಆರತಿಯ ಭಾಗವನ್ನಷ್ಟೇ ಕತ್ತರಿಸಿ ಕೊಟ್ಟ. ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ನನ್ನ ಮುಖ ನೋಡಿದ ಕೂಡಲೇ ಲಲಿತಳಿಗೆ ತಿಳಿಯಿತು. ನುಂಗಿದ್ದನ್ನು ಆಗ ಹೊರಗೆ ಹಾಕಿದಳು. ಅವಳು ಎರಡನೇ ಸಲ ಕೇಳಿದಾಗಲೇ ಪ್ರಸಾದ ಹೇಳಿಬಿಟ್ಟಿದ್ದನಂತೆ, ಗಿರಿಜಕ್ಕನವರ ಫೋಟೋ ಒಂದೊಂದರಲ್ಲೂ ಬಾವಗಾರ ಬೆನ್ನೇ ಇದೆ, ಯಾವುದನ್ನು ಆರಿಸಲಿ, ಅವರಿಗೆ ಹೇಗೆ ಹೇಳಲಿ, ಎಂದು.

ಈ ವಿಡಿಯೋ ಕಳಿಸಿದರೆ ಇರುವ ಮಾನವೂ ಹೋಗುತ್ತದೆ, ಚಿಕ್ಕಪ್ಪನ ಮಗನ ಜುಬ್ಬ ಖಾಯಂ ಆಗುತ್ತದೆ ಎಂದು ನಾನು ಲೆಕ್ಕ ಹಾಕುತ್ತ ಕುಳಿತೆ. ಫೋನ್ ಲಲಿತಳ ಕೈಯಲ್ಲಿತ್ತು. "ಕಳಿಸಿದೆ" ಎಂದಳು. ಎರಡು ಗೆರೆ ಬಂದವು. ನೀಲಿಯಾದವು. ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಕೈಕಾಲು ಆಗಲೇ ತೊಳೆದಾಗಿತ್ತು. ಒಳಗಿರುವಾಗಲೇ ಫೋನ್ ಬಡಿದುಕೊಂಡಿತು, ಲಲಿತ ತಂದು ನನ್ನ ಕೈಗಿಟ್ಟಳು. ಬಾವ ಅಲ್ಲ, ಅಕ್ಕನೇ. ಮೊದಲು ಬರೀ ಉಸಿರು ಹಿಡಿದು ಹಿಡಿದು ಬಿಡುವ ಸದ್ದು. ಅಳುತ್ತಿದ್ದಾಳೆಂದು ತಿಳಿದು, ಅಕ್ಕಾ ಅಕ್ಕಾ ಎಂದೆ. ಅಳುತ್ತಿರಲಿಲ್ಲ.

"ಲೇ ತಮ್ಮಾ, ನಾನು ಆರತಿ ಎತ್ತಿದ್ದು ಹುಡುಗಿಗೇನೋ, ನಿನ್ ಬೆನ್ನಿಗೇನೋ?" ಎಂದಳು. "ಮೂರು ಸಲ ನೋಡಿದೆ. ನಿಮ್ಮ ಬಾವನೂ ನೋಡಿದ್ರು. ನಗಾಕ ಹತ್ತಿ ಅವರಿಗೆ ಕೆಮ್ಮು ಬಂದೈತಿ."

ಅಕ್ಕಾ, ಅದು ತಟ್ಟೆ ಕಾಯೋದಕ್ಕೆ ನಿಂತಿದ್ದೆ ಎಂದು ಶುರುಮಾಡಿದೆ. ಅವಳು ಕೇಳಲಿಲ್ಲ. ಸಣ್ಣವನಿದ್ದಾಗ ನಾನು ಪಂಕ್ತಿಯಲ್ಲಿ ಎಲೆಗೆ ಅಡ್ಡ ಕೈ ಹಿಡಿದುಕೊಂಡು ಉಣ್ಣುತ್ತಿದ್ದೆನಂತೆ, ಅದನ್ನೆಲ್ಲ ತೆಗೆದಳು. ಆಮೇಲೆ ಧ್ವನಿ ಇಳಿಸಿ ಹೇಳಿದಳು. "ಪತ್ರಿಕೆ ನಿನ್ ಹೆಸರು ಬರೆದೇ ಇಟ್ಟಿದ್ದೆ ಮಾರಾಯ, ಕಳಸಾಕ ಮನಸ್ಸು ಬಂದಿರಲಿಲ್ಲ. ಲಲಿತಾನ್ನ ಕರ್ಕೊಂಡು ನಾಲ್ಕು ದಿನ ಮುಂಚೇನೇ ಬಾ. ರೂಪಾನ್ನ ಮಂಟಪಕ್ಕ ಕರ್ಕೊಂಡು ಬರೋನು ನೀನೇ. ತಂದು ಬಿಟ್ಟಮ್ಯಾಲೆ ಮಾತ್ರ ಪಕ್ಕಕ್ಕ ಸರಿದು ನಿಂದ್ರು."

 ಏನಾದರೂ ಒಳ್ಳೆಯ ಮಾತು ಆಡಬೇಕೆನಿಸಿತು. ಖಂಡಿತ ಬರುತ್ತೇನೆ ಅಕ್ಕಾ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ರೂಪಾಳ ಮದುವೆಗೆ ಹೇಳಿರುವ ವಿಡಿಯೋದವನು ಯಾರು, ಯಾವ ಊರಿನವನು, ಮುಂಗಡ ಎಷ್ಟು ಕೊಟ್ಟಿದ್ದೀರಿ, ನಂಬಬಹುದಾದ ಮನುಷ್ಯನೇ, ನಾನು ಬಂದು ಸ್ವಲ್ಪ ಅವನ ಹತ್ತಿರವೇ ನಿಂತಿರಲೇ, ಎಂದು ಕೇಳಿದೆ.

ಫೋನ್ ಕಟ್ಟಾಯಿತು. ನೆಟ್‌ವರ್ಕ್ ಹೋಗಿರಬೇಕು ಬಿಡಿ ಎಂದಳು ಲಲಿತ. ನನಗೆ ಯಾಕೋ ನಂಬಿಕೆ ಬರಲಿಲ್ಲ.